ಖಳನಿಗೂ ಒಂದು ದಾರಿ ಇರಲಿ

ಜಾತ್ರೆಗೆ ನಾಟಕ ಆಡುವುದೆಂದು ಊರವರು ನಿಕ್ಕಿ ಮಾಡಿದ ಮೇಲೆ ಮೊದಲ ತಕರಾರು ಹುಟ್ಟುವುದು ಪಾರ್ಟು ಹಂಚುವಾಗ. ತಿಕೋಟಾ, ಬಬಲೇಶ್ವರ ಸೀಮೆಯ ಹಳ್ಳಿಗಳಲ್ಲಿ ಇದನ್ನು ಕಂಡವರಿಗೆ ಗೊತ್ತು. ಹೀರೋ ಪಾರ್ಟಿಗೆ ಮುಖ ಚೆಂದವಿರುವ ಹುಡುಗ ಸಿಕ್ಕರೆ ಸಾಕು, ನಾಯಕಿಯನ್ನು ಹೊರಗಿನಿಂದ ಕರೆಸುತ್ತಾರೆ, ಹಾಸ್ಯಕ್ಕೆ ಊರಲ್ಲೇ ಯಾರಾದರೂ ಇದ್ದೇ ಇರುತ್ತಾರೆ. ಖಳನ ಪಾರ್ಟು ಮಾತ್ರ ಹತ್ತಾರು ನಾಟಕ ಆಡಿ ಪಳಗಿದವನಿಗೇ ಹೋಗಬೇಕು. ತಾಲೀಮಿನಲ್ಲಿ ಹಾರ್ಮೋನಿಯಂ ಮಾಸ್ತರರು ಹೀರೋನನ್ನು ಬೈದು ತಿದ್ದುತ್ತಾರೆ. ಖಳನಿಗೆ ‘ನೀವು ಹ್ಯಾಂಗ ಮಾಡ್ತೀರಿ ಹಾಂಗ ಮಾಡ್ರಿ’ ಎಂದು ಬಿಡುತ್ತಾರೆ. ನಾಟಕದ ರಾತ್ರಿ ಅವನು ರಂಗಕ್ಕೆ ಬಂದರೆ ಸೀಟಿ ಬೀಳುತ್ತವೆ, ಆಯೇರಿ ಕೂಗುವ ಮೈಕಿನಲ್ಲಿ ಅವನ ಹೆಸರು ಮತ್ತೆ ಮತ್ತೆ ಕೇಳುತ್ತದೆ. ಮರುದಿನ ಚಹಾದಂಗಡಿಯಲ್ಲಿ ನಾಯಕನ ನೀತಿಮಾತನ್ನು ಯಾರೂ ಎತ್ತುವುದಿಲ್ಲ. ‘ಸಾವ್ಕಾರನ ಪಾರ್ಟು ಭಾಳ ಛಲೋ ಆತು ಬಿಡ್ರಿ’ ಎಂದೇ ಮಾತು ಶುರುವಾಗುತ್ತದೆ.

ರಾತ್ರಿಯೆಲ್ಲ ಯಾರಿಗೆ ಶಾಪ ಹಾಕಿದರೋ ಅವನನ್ನೇ ಬೆಳಗ್ಗೆ ಹೊಗಳುವ ಈ ಜನ ಕೆಟ್ಟತನವನ್ನು ಮೆಚ್ಚಿದವರಲ್ಲ. ನಿಜವಾದ ಸಾವುಕಾರನೊಬ್ಬ ಹೊಲ ಬರೆಸಿಕೊಂಡರೆ ಸೀಟಿ ಹೊಡೆಯುವವರು ಯಾರೂ ಇಲ್ಲ. ಹಾಗಾದರೆ ಕಥೆಯ ಖಳನಲ್ಲಿ ಅವರನ್ನು ಹಿಡಿದದ್ದು ಏನು? ದೊಡ್ಡ ದನಿ, ಕೆಂಪು ಕಣ್ಣು, ಗಹಗಹಿಸುವ ನಗು ಎಂಬುದು ಸುಲಭದ ಉತ್ತರ. ಅವೆಲ್ಲ ಇದ್ದೂ ಮರುದಿನಕ್ಕೆ ಉಳಿಯದ ಖಳರು ನೂರಾರು ಮಂದಿ. ಕ್ರೌರ್ಯವೇ ಸೆಳೆತವಾಗಿದ್ದರೆ ಹೆಚ್ಚು ಕೊಂದವನೇ ಹೆಚ್ಚು ನೆನಪಿನಲ್ಲಿ ಉಳಿಯಬೇಕಿತ್ತು. ಹಾಗೆ ಆಗುವುದಿಲ್ಲ.

ನನ್ನ ವಾದ ಇಷ್ಟು: ಮರಳುವ ದಾರಿ ಕಣ್ಣೆದುರಿಗೇ ಇದ್ದು, ಅದು ದಾರಿ ಎಂದು ತನಗೂ ಗೊತ್ತಿದ್ದು, ಅದನ್ನು ಬಿಟ್ಟು ಹೋಗುವ ಖಳನೇ ಓದುಗನನ್ನು, ನೋಡುಗನನ್ನು ಹಿಡಿದಿಡುತ್ತಾನೆ. ಬಿಟ್ಟುಹೋಗುವುದಕ್ಕೆ ಅವನು ಕೊಡುವ ಕಾರಣ ನಮ್ಮ ಬಾಯಲ್ಲೂ ಬರಬಹುದಾದ ಕಾರಣವಾಗಿದ್ದರಂತೂ ಅವನು ಬಹುಕಾಲ ಬಿಡುವುದಿಲ್ಲ. ಈ ಮಾತಿಗೆ ಸಾಕ್ಷಿಯನ್ನು ದೂರದಿಂದ ತರಬೇಕಾಗಿಲ್ಲ. ವಿಜಯಪುರ ನಗರ ಮತ್ತು ಅದರಿಂದ ಹೊರಡುವ ಎರಡು ರಸ್ತೆಗಳ ಸುತ್ತಲೇ ಕನ್ನಡದ ಅತ್ಯುತ್ತಮ ಖಳರಲ್ಲಿ ಕೆಲವರು ಹುಟ್ಟಿದ್ದಾರೆ.

ಮೊದಲು ನಮ್ಮ ದೊಡ್ಡಾಟದ ಒಂದು ಪದ್ಧತಿಯನ್ನು ನೋಡಬಹುದು. ಪಾತ್ರ ರಂಗಕ್ಕೆ ಬಂದ ಕೂಡಲೇ ಕಥೆ ಮುಂದಕ್ಕೆ ಹೋಗುವುದಿಲ್ಲ. ಸಾರಥಿ ಅಡ್ಡ ನಿಂತು ತಾವು ಯಾರು, ಯಾವ ಪಟ್ಟಣದವರು, ಇಲ್ಲಿಗೆ ಬಂದ ಕಾರಣವೇನು ಎಂದು ಕೇಳುತ್ತಾನೆ. ರಾಮನಿಗೂ ಇದೇ ಪ್ರಶ್ನೆ, ರಾವಣನಿಗೂ ಇದೇ ಪ್ರಶ್ನೆ. ಕಿರೀಟ ಭುಜಕೀರ್ತಿ ಕಟ್ಟಿ, ರಂಗದ ಹಲಗೆ ಮುರಿಯುವಂತೆ ಹೆಜ್ಜೆ ಹಾಕಿ ಬಂದ ರಾವಣ ತನ್ನ ವಂಶ, ತನ್ನ ಗೆಲುವು, ತನ್ನ ಶಿವಭಕ್ತಿಯನ್ನು ಹೇಳಿಕೊಳ್ಳುತ್ತಾನೆ. ನಾನು ದುಷ್ಟ ಎಂದು ಹೇಳಿಕೊಂಡು ಬರುವ ಪಾತ್ರ ಯಾವ ಆಟದಲ್ಲೂ ಇಲ್ಲ. ಬೇರೆಯವರು ತನ್ನ ಬಗ್ಗೆ ಆಡುವುದಕ್ಕೆ ಮೊದಲು ತಾನೇ ಮಾತಾಡುವ ಹಕ್ಕು ಖಳನಿಗೂ ಇದೆ ಎಂಬ ವಿವೇಕ ಹೆಸರಿಲ್ಲದ ಆ ಆಟದ ಕವಿಗಳಲ್ಲಿತ್ತು. ಕಥೆ ಬರೆಯುವವರಿಗೆ ಇದು ಮೊದಲ ಪಾಠ. ಆದರೆ ಇದೊಂದೇ ಸಾಲದು. ಬಡಾಯಿ ಯಾರು ಬೇಕಾದರೂ ಕೊಚ್ಚಬಹುದು; ಆ ಬಡಾಯಿಗೂ ಅವನು ಮಾಡುವ ಕೆಲಸಕ್ಕೂ ನಡುವೆ ಬಿರುಕು ಕಾಣಿಸಿದಾಗಲೇ ಪಾತ್ರಕ್ಕೆ ಜೀವ ಬರುವುದು.

ಆ ಬಿರುಕನ್ನು ಎಲ್ಲರಿಗಿಂತ ಚೆನ್ನಾಗಿ ತೋರಿಸಿದವನು ಸುಮಾರು 1100ರ ಹೊತ್ತಿನ ಕವಿ ನಾಗಚಂದ್ರ. ಅಭಿನವ ಪಂಪನೆಂದು ಹೆಸರಾದ ಇವನು ವಿಜಯಪುರದಲ್ಲಿ ಮಲ್ಲಿನಾಥ ಜಿನಾಲಯವನ್ನು ಕಟ್ಟಿಸಿದನೆಂದೂ ಮಲ್ಲಿನಾಥ ಪುರಾಣವನ್ನು ಬರೆದನೆಂದೂ ಸಾಹಿತ್ಯ ಚರಿತ್ರೆ ಹೇಳುತ್ತದೆ. ಅವನ ಇನ್ನೊಂದು ಕೃತಿ ರಾಮಚಂದ್ರಚರಿತ ಪುರಾಣ. ಪಂಪ ರಾಮಾಯಣ ಎಂದರೆ ಬೇಗ ಗುರುತು ಸಿಗುತ್ತದೆ. ವಿಮಲಸೂರಿ, ರವಿಷೇಣರ ಜೈನ ಪರಂಪರೆಯಲ್ಲಿ ಬಂದ ಈ ಕಾವ್ಯದ ರಾವಣನಿಗೆ ಹತ್ತು ತಲೆಗಳಿಲ್ಲ. ಅವನು ರಾಕ್ಷಸನಲ್ಲ, ವಿದ್ಯಾಧರ ಚಕ್ರವರ್ತಿ, ಜಿನಭಕ್ತ. ತನ್ನನ್ನು ಒಲ್ಲದ ಪರಸ್ತ್ರೀಯನ್ನು ಮುಟ್ಟುವುದಿಲ್ಲವೆಂದು ವ್ರತ ತೊಟ್ಟವನು. ಆ ವ್ರತ ಬರೀ ಬಾಯಿಮಾತಲ್ಲ ಎಂದು ಕವಿ ಮೊದಲೇ ತೋರಿಸಿಬಿಡುತ್ತಾನೆ. ಶತ್ರುರಾಜ ನಳಕೂಬರನ ಹೆಂಡತಿ ಉಪರಂಭೆ ತಾನಾಗಿ ಒಲಿದು ಬಂದಾಗ ರಾವಣ ಅವಳಿಗೆ ಬುದ್ಧಿ ಹೇಳಿ ಗಂಡನ ಬಳಿಗೇ ಕಳಿಸುತ್ತಾನೆ.

ಸೀತೆಯನ್ನು ಕಂಡಾಗ ಜಾರುವವನು ಇಂಥ ಮನುಷ್ಯ. ಕಡಲು ಕೂಡ ಒಮ್ಮೊಮ್ಮೆ ಎಲ್ಲೆ ಮೀರುವುದುಂಟಲ್ಲ ಎಂಬ ಭಾವದಲ್ಲಿ ನಾಗಚಂದ್ರ ಆ ಪತನವನ್ನು ನೋಡುತ್ತಾನೆ. ಇಲ್ಲಿಯವರೆಗಾದರೆ ಇದು ದೊಡ್ಡವನೊಬ್ಬನ ಸಣ್ಣ ತಪ್ಪಿನ ಕಥೆ. ಕಾವ್ಯದ ನಿಜವಾದ ಎತ್ತರ ಇರುವುದು ಮುಂದೆ, ಯುದ್ಧ ಮುಗಿಯುವ ಹೊತ್ತಿಗೆ. ಬಹುರೂಪಿಣಿ ವಿದ್ಯೆಯನ್ನು ಸಾಧಿಸಿ, ಇನ್ನು ತನ್ನನ್ನು ಸೋಲಿಸುವವರಿಲ್ಲವೆಂಬ ಹಮ್ಮಿನಲ್ಲಿ ರಾವಣ ಸೀತೆ ಇದ್ದ ವನಕ್ಕೆ ಬರುತ್ತಾನೆ, ರಾಮಲಕ್ಷ್ಮಣರ ಸಾವು ಖಚಿತವೆನ್ನುತ್ತಾನೆ. ಆ ಮಾತಿಗೆ ಸೀತೆ ಮೂರ್ಛೆ ಹೋಗುತ್ತಾಳೆ. ಅವಳು ಬೈದಿದ್ದರೆ, ಶಪಿಸಿದ್ದರೆ ಅವನ ಹಟ ಇನ್ನಷ್ಟು ಗಟ್ಟಿಯಾಗುತ್ತಿತ್ತೇನೋ. ಆದರೆ ಅವಳ ಪ್ರೀತಿಯ ಆಳ ಅವನ ಕಣ್ಣಿಗೆ ಬಿದ್ದುಬಿಡುತ್ತದೆ. ಒಂದಾಗಿದ್ದ ಜೀವಗಳನ್ನು ಅಗಲಿಸಿದೆನಲ್ಲ, ತಮ್ಮ ವಿಭೀಷಣನ ಮಾತು ಕೇಳಲಿಲ್ಲವಲ್ಲ ಎಂದು ಅವನಿಗೆ ತನ್ನ ಮೇಲೆಯೇ ಹೇಸಿಗೆ ಹುಟ್ಟುತ್ತದೆ. ಮೋಹ ಇಳಿದುಹೋಗುತ್ತದೆ. ಸೀತೆಯನ್ನು ಹಿಂದಿರುಗಿಸುವುದೆಂದು ಅವನು ನಿಶ್ಚಯಿಸುತ್ತಾನೆ.

ಯುದ್ಧಕ್ಕೆ ಇದ್ದ ಕಾರಣವೇ ಇಲ್ಲಿಗೆ ಮುಗಿಯಿತು. ಆಗ ರಾವಣನಿಗೆ ಇನ್ನೊಂದು ಯೋಚನೆ ಬರುತ್ತದೆ. ಈಗಲೇ ಕೊಟ್ಟರೆ ಹೆದರಿ ಕೊಟ್ಟ ಎನ್ನುತ್ತಾರೆ. ನಾಳೆ ಯುದ್ಧದಲ್ಲಿ ಆ ಇಬ್ಬರನ್ನೂ ಗೆದ್ದು, ಸೆರೆಹಿಡಿದು, ಆಮೇಲೆ ದೊಡ್ಡತನದಿಂದ ಕೊಡುತ್ತೇನೆ. ಆ ನಾಳೆ ಅವನು ಲಕ್ಷ್ಮಣನ ಕೈಯಲ್ಲಿ ಸಾಯುತ್ತಾನೆ.

ಈ ರಾವಣನನ್ನು ಕೊಂದದ್ದು ಕಾಮವಲ್ಲ. ಕಾಮ ಆಗಲೇ ಸತ್ತುಹೋಗಿತ್ತು. ಜನ ಏನಂದಾರು ಎಂಬ ಅಳುಕು ಅವನನ್ನು ಕೊಂದಿತು. ಗೆದ್ದು ಕೊಡುತ್ತೇನೆ ಎಂಬ ಮಾತು ನಮ್ಮ ಊರುಗಳಲ್ಲಿ ದಿನಾ ಕೇಳುವ ಮಾತೇ. ಹೊಲದ ಬದುವಿನ ಮೇಲೆ ಅಣ್ಣತಮ್ಮಂದಿರು ಕೋರ್ಟು ಹತ್ತಿರುತ್ತಾರೆ. ವರ್ಷಗಳು ಕಳೆದು, ಇಬ್ಬರಿಗೂ ಸಾಕಾಗಿ, ರಾಜಿಗೆ ಮನಸ್ಸು ಬಂದಿರುತ್ತದೆ. ಆದರೂ ‘ಮದಲ ನಾ ಹ್ಯಾಂಗ ಹೋಗ್ಲಿ, ಸೋತೆ ಅಂತಾರ’ ಎಂದು ಇಬ್ಬರೂ ಮುಂದಿನ ತಾರೀಖಿಗೆ ಕಾಯುತ್ತಾರೆ. ಪಂಪ ರಾಮಾಯಣ ಓದುವಾಗ ರಾವಣನ ವೈಭವ, ಅವನ ವಿದ್ಯೆಗಳು ಯಾವುವೂ ನಮ್ಮವಲ್ಲ ಅನಿಸಬಹುದು. ಈ ಒಂದು ಯೋಚನೆ ಮಾತ್ರ ನಮ್ಮದೇ. ಖಳನೊಬ್ಬ ನಮ್ಮ ಮನೆಯ ಮಾತನ್ನು ಆಡಿದಾಗ ಅವನನ್ನು ದೂರ ಇಟ್ಟು ನೋಡುವುದು ಕಷ್ಟ. ಬಿ.ಎಂ. ಶ್ರೀಕಂಠಯ್ಯನವರು ಗ್ರೀಕ್ ರುದ್ರನಾಟಕಗಳಲ್ಲಿ ಪಳಗಿದ ಕಣ್ಣಿನಿಂದ ಈ ರಾವಣನನ್ನು ನೋಡಿ ಅವನಲ್ಲಿ ದುರಂತನಾಯಕನನ್ನು ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ವಿಜಯಪುರದಿಂದ ಬಬಲೇಶ್ವರದ ಮೇಲೆ ಹಾಯ್ದು ಜಮಖಂಡಿಯ ಕಡೆ ಹೋಗುವ ರಸ್ತೆಯಲ್ಲಿ ಮುಂದುವರಿದರೆ ಮುಧೋಳ ಬರುತ್ತದೆ. ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನ ಊರು ಅದು. ಅವನು ಸಾಹಸಭೀಮ ವಿಜಯವನ್ನು ಬರೆಯಲು ಹೊರಟದ್ದು ಚಾಲುಕ್ಯ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ಹೊಗಳುವುದಕ್ಕೆ. ಕಾವ್ಯದ ಹೆಸರಿನಲ್ಲೇ ಭೀಮ ಇದ್ದಾನೆ, ಗೆಲ್ಲುವವನೂ ಅವನೇ. ಆದರೆ ಓದಿ ಮುಗಿಸಿದವನ ಮನಸ್ಸಿನಲ್ಲಿ ಉಳಿಯುವವನು ದುರ್ಯೋಧನ. ಸಂಜಯನ ಕೈಹಿಡಿದು ಹೆಣಗಳ ನಡುವೆ ನಡೆಯುತ್ತ ಅವನು ಒಬ್ಬೊಬ್ಬರನ್ನೂ ಕಾಣುತ್ತಾನೆ: ದ್ರೋಣ, ಅಭಿಮನ್ಯು, ತನ್ನ ಮಗ ಲಕ್ಷಣ ಕುಮಾರ, ದುಶ್ಶಾಸನ, ಕರ್ಣ. ಶತ್ರುವಿನ ಮಗ ಅಭಿಮನ್ಯುವಿನ ಎದುರು ನಿಂತು ಅವನ ಪರಾಕ್ರಮಕ್ಕೆ ಕೈಮುಗಿಯುವಷ್ಟು ದೊಡ್ಡ ಮನಸ್ಸು ಅವನಿಗೆ ಆ ಹೊತ್ತಿನಲ್ಲೂ ಇದೆ. ತಾಯಿತಂದೆಗಳು, ಭೀಷ್ಮ ಎಲ್ಲರೂ ಸಂಧಿಯ ದಾರಿ ತೋರಿಸುತ್ತಾರೆ. ಯಾರೊಡನೆ ರಾಜ್ಯ ಉಣ್ಣಬೇಕೆಂದಿದ್ದೆನೋ ಅವರೇ ಇಲ್ಲದ ಮೇಲೆ ಸಂಧಿ ಮಾಡಿಕೊಂಡು ಏನು ಮಾಡಲಿ ಎಂಬುದು ಅವನ ಉತ್ತರ. ಇಲ್ಲಿಯೂ ದಾರಿ ಇತ್ತು, ಅವನೇ ಬಿಟ್ಟ. ಬಿಟ್ಟದ್ದಕ್ಕೆ ಕಾರಣ ಗೆಳೆತನ. ನಾವು ಒಳ್ಳೆಯದೆಂದು ಮಕ್ಕಳಿಗೆ ಕಲಿಸುವ ಗುಣವೇ ಅವನನ್ನು ಮುಳುಗಿಸಿತು.

ಇದರ ಎದುರಿಗೆ ಇನ್ನೊಂದು ಉದಾಹರಣೆ ಇಟ್ಟು ನೋಡಿದರೆ ವಾದ ಸ್ಪಷ್ಟವಾದೀತು. ವಿಜಯಪುರದಿಂದ ತಿಕೋಟಾ ಕಡೆ ಹೊರಟರೆ ತೊರವೆ ಸಿಗುತ್ತದೆ. ಅಲ್ಲಿಯ ನರಸಿಂಹನ ಭಕ್ತ ಕುಮಾರ ವಾಲ್ಮೀಕಿ ಭಾಮಿನಿ ಷಟ್ಪದಿಯಲ್ಲಿ ಬರೆದ ತೊರವೆ ರಾಮಾಯಣ ಶತಮಾನಗಳಿಂದ ನಮ್ಮ ಮನೆ, ಗುಡಿಗಳಲ್ಲಿ ಓದಿಸಿಕೊಂಡ ಕಾವ್ಯ. ಅದರಲ್ಲಿ ಮಂಥರೆ ವಿಷ್ಣುಮಾಯೆಯ ಅವತಾರ. ರಾವಣವಧೆ ಆಗಬೇಕಾದರೆ ರಾಮ ಕಾಡಿಗೆ ಹೋಗಬೇಕು, ಅದಕ್ಕೆ ದೇವಮಾಯೆಯೇ ಗೂನಿಯಾಗಿ ಬಂದು ಕೈಕೇಯಿಯ ಮನಸ್ಸು ಕೆಡಿಸಿತು. ಭಕ್ತನಿಗೆ ಇದು ಸಮಾಧಾನದ ವಿವರಣೆ. ಆದರೆ ಹೀಗೆ ಹೇಳಿದ ಕ್ಷಣವೇ ಮಂಥರೆ ನಮ್ಮ ಆಸಕ್ತಿಯಿಂದ ಜಾರಿಹೋಗುತ್ತಾಳೆ. ಅವಳು ಬೇರೆ ಏನನ್ನೂ ಮಾಡಲಾಗುತ್ತಿರಲಿಲ್ಲ ಎಂದ ಮೇಲೆ ಅವಳನ್ನು ಬೈಯಲೂ ಆಗದು, ಅವಳಿಗಾಗಿ ಮರುಗಲೂ ಆಗದು. 1949ರಲ್ಲಿ ಬಂದ ಶ್ರೀ ರಾಮಾಯಣ ದರ್ಶನಂನಲ್ಲಿ ಕುವೆಂಪು ಇದೇ ಮಂಥರೆಯನ್ನು ಮತ್ತೆ ಮನುಷ್ಯಳನ್ನಾಗಿ ಮಾಡಿದರು. ಕುರೂಪಕ್ಕಾಗಿ ಎಲ್ಲರಿಂದ ದೂರವಾದ ಮುದುಕಿಗೆ ಭರತನ ಮೇಲೆ ಕುರುಡು ಮಮತೆ. ಆ ಮಮತೆಯೇ ಸುಳಿಯಾಗಿ ಅಯೋಧ್ಯೆಯನ್ನು ಎಳೆದುಕೊಳ್ಳುತ್ತದೆ. ಇಬ್ಬರೂ ಮಾಡುವುದು ಒಂದೇ ಕೆಲಸ. ಒಬ್ಬಳು ದೇವರ ಕೈಯ ಸೂತ್ರದ ಗೊಂಬೆ, ಇನ್ನೊಬ್ಬಳು ತಾನೇ ಆರಿಸಿಕೊಂಡು ತಪ್ಪಿದವಳು. ಓದುಗನಿಗೆ ನಿದ್ದೆ ಕೆಡಿಸುವವಳು ಎರಡನೆಯವಳು.

ಈಚಿನ ಸಿನಿಮಾ, ವೆಬ್ ಸರಣಿಗಳೂ ದೇವಮಾಯೆಯ ಜಾಗದಲ್ಲಿ ಬಾಲ್ಯದ ಗಾಯವನ್ನು ಕೂರಿಸಿ ಇದೇ ತಪ್ಪು ಮಾಡುತ್ತವೆ. ಖಳ ಯಾಕೆ ಹೀಗಾದ ಎಂದರೆ ಅಪ್ಪ ಹೊಡೆಯುತ್ತಿದ್ದ, ಊರು ಅವಮಾನ ಮಾಡಿತ್ತು, ಪ್ರೀತಿಸಿದವಳು ಕೈಕೊಟ್ಟಳು ಎಂದು ಹಿಂದಿನ ಕಥೆಯೊಂದನ್ನು ಮಧ್ಯಂತರದ ನಂತರ ತೋರಿಸಿ ಮುಗಿಸುತ್ತಾರೆ. ಹಿಂದಿನ ಕಥೆ ಇರಲಿ, ತಕರಾರಿಲ್ಲ. ಅದೇ ಪೂರ್ತಿ ಉತ್ತರವಾದರೆ ಖಳ ಮತ್ತೆ ಗೊಂಬೆಯಾದ. ಅದೇ ಗಾಯ ತಿಂದ ಹತ್ತು ಜನರಲ್ಲಿ ಒಂಬತ್ತು ಜನ ಹಾಗಾಗಲಿಲ್ಲವಲ್ಲ, ಇವನೇಕೆ ಆದ ಎಂಬ ಪ್ರಶ್ನೆ ಉಳಿದಾಗಲೇ ಪಾತ್ರ ಉಳಿಯುತ್ತದೆ. ಜನಪದರ ಶಕುನಿಯ ಕಥೆಯಲ್ಲಿ ಈ ಎಚ್ಚರ ಇದೆ. ಸೆರೆಮನೆಯಲ್ಲಿ ಹಸಿವಿನಿಂದ ಸತ್ತ ತಂದೆಯ ಎಲುಬಿನಿಂದ ದಾಳ ಮಾಡಿಕೊಂಡ ಎಂಬುದು ಅವನ ಕಾರಣ. ಆದರೆ ನಮ್ಮನ್ನು ನಡುಗಿಸುವುದು ಆ ಕಾರಣಕ್ಕಿಂತ ಹೆಚ್ಚಾಗಿ ಆಮೇಲಿನ ಬದುಕು. ಕೌರವರ ಮನೆಯಲ್ಲೇ ಉಂಡು, ಅಳಿಯನ ಬೆನ್ನು ಸವರುತ್ತ, ಅಷ್ಟು ವರ್ಷ ನಗುನಗುತ್ತ ಇದ್ದನಲ್ಲ! ಅಷ್ಟು ವರ್ಷಗಳಲ್ಲಿ ಒಂದು ದಿನವೂ ಮನಸ್ಸು ಬದಲಿಸಲಿಲ್ಲವಲ್ಲ! ವಿಜಯಪುರದ ರಂಗಮಂದಿರಕ್ಕೆ ಹೆಸರು ಕೊಟ್ಟಿರುವ ಕಂದಗಲ್ಲ ಹನುಮಂತರಾಯರು ‘ರಕ್ತರಾತ್ರಿ’ಗೆ ವಸ್ತುವಾಗಿ ಆರಿಸಿಕೊಂಡದ್ದೂ ಯುದ್ಧ ಮುಗಿದ ಮೇಲಿನ ರಾತ್ರಿಯನ್ನು, ಮಲಗಿದವರನ್ನು ಕೊಲ್ಲುವ ಅಶ್ವತ್ಥಾಮನ ರಾತ್ರಿಯನ್ನು. ಕೊಲ್ಲದೆ ಇದ್ದರೂ ನಡೆಯುತ್ತಿದ್ದ ಹೊತ್ತಿನಲ್ಲಿ ಕೊಂದವನ ಒಳಗನ್ನು ಹುಡುಕುವುದೇ ನಾಟಕಕಾರನ ಕೆಲಸ ಎಂದು ಆ ಹಿರಿಯರಿಗೆ ಗೊತ್ತಿತ್ತು.

ಈಗ ಕಾವ್ಯದಿಂದ ಇತಿಹಾಸದ ಕಡೆಗೆ ಬರೋಣ. ವಿಜಯಪುರಕ್ಕೆ ತನ್ನದೇ ಆದ ಒಬ್ಬ ಖಳನಿದ್ದಾನೆ: ಆದಿಲ್‌ಶಾಹಿ ಸೇನಾಪತಿ ಅಫಜಲ್ ಖಾನ್. 1659ರ ನವೆಂಬರ್ 10ರಂದು ಪ್ರತಾಪಗಡದ ಬಳಿ ಶಿವಾಜಿಯ ಕೈಯಲ್ಲಿ ಸತ್ತ ಇವನು ಮರಾಠಿ ಪೋವಾಡ, ಬಖರ್, ನಾಟಕ, ಸಿನಿಮಾಗಳಲ್ಲಿ ಆನೆಯಂಥ ಮೈಯ, ಅಪ್ಪಿಕೊಂಡೇ ಕುತ್ತಿಗೆ ಹಿಸುಕಲು ಬಂದ ದೈತ್ಯ. ಕನ್ನಡ ನಾಡಿಗೂ ಅವನ ಗುರುತಿದೆ. ಶಿರಾದ ಕಸ್ತೂರಿ ರಂಗನಾಯಕನನ್ನು ಶರಣಾಗತಿಯ ಮಾತಿಗೆಂದು ಕರೆಸಿ ಕೊಂದನೆಂಬ ಕುಖ್ಯಾತಿ ಅವನ ಬೆನ್ನಿಗಿತ್ತು. ವಿಜಯಪುರದ ಜನ ಮಾತ್ರ ಅವನ ಬಗ್ಗೆ ಹೇಳುವುದು ಬೇರೆಯೇ ಕಥೆ. ನಗರದ ಪಶ್ಚಿಮಕ್ಕೆ ಅಫಜಲಪುರ ಟಕ್ಕೆಯ ಕಡೆ ಅವನು ತನಗಾಗಿ ಕಟ್ಟಿಸಿಕೊಂಡ ಮಸೀದಿ, ಪೂರ್ತಿಯಾಗದ ಗೋರಿ ಇವೆ. ಅಲ್ಲಿಂದ ಆಚೆ ಒಂದು ಎತ್ತರದ ಕಟ್ಟೆಯ ಮೇಲೆ ಸಾಲುಸಾಲಾಗಿ ಒಂದೇ ಅಳತೆಯ ಕರಿಕಲ್ಲಿನ ಗೋರಿಗಳು. ಸಾಠ್ ಕಬರ್ ಎಂದು ಅದರ ಹೆಸರು. ಎಣಿಸಿದರೆ ಅರವತ್ತಕ್ಕಿಂತ ಹೆಚ್ಚಿವೆ. ಗೋರಿಗಳ ಮೇಲ್ಭಾಗ ಚಪ್ಪಟೆ, ಹೆಂಗಸರ ಗೋರಿಗಳಿಗೆ ಇರುವ ಹಾಗೆ. ಹತ್ತಿರದಲ್ಲೇ ಒಂದು ಬಾವಿ.

ಜನ ಹೇಳುವುದು ಹೀಗೆ. ದಂಡಯಾತ್ರೆಗೆ ಹೊರಡುವ ಮೊದಲು ಖಾನ್ ಜ್ಯೋತಿಷಿಗಳನ್ನು ಕೇಳಿದ. ನೀನು ಜೀವಂತ ಮರಳುವುದಿಲ್ಲ ಎಂದರು. ತಾನು ಸತ್ತ ಮೇಲೆ ಹೆಂಡಂದಿರು ಬೇರೆಯವರ ಪಾಲಾಗಬಾರದೆಂದು ಅವರೆಲ್ಲರನ್ನೂ ಒಬ್ಬೊಬ್ಬರಾಗಿ ಬಾವಿಗೆ ನೂಕಿ ಕೊಂದು, ಹೂಳಿಸಿ, ಆಮೇಲೆ ಹೊರಟ. ಈ ಕಥೆ ನಿಂತಿರುವುದು ಜನರ ಬಾಯಿಯ ಮೇಲೆ; ಗೋರಿಗಳನ್ನು ನೋಡಿದ ಜನ ಕಾರಣವನ್ನು ಕಟ್ಟಿಕೊಂಡಿರಲೂಬಹುದು. ನಿಜವೋ ಸುಳ್ಳೋ ಎಂಬುದು ಇತಿಹಾಸಕಾರರ ಪ್ರಶ್ನೆ. ನಮ್ಮ ಪ್ರಶ್ನೆ ಬೇರೆ: ಮರಾಠಿ ಪೋವಾಡದ ದೈತ್ಯನಿಗಿಂತ ಈ ಖಾನ್ ಯಾಕೆ ಹೆಚ್ಚು ಕಾಡುತ್ತಾನೆ?

ಪೋವಾಡದ ಖಾನ್‌ಗೆ ಸಂಶಯವೇ ಇಲ್ಲ. ಅವನು ಗೆಲ್ಲುತ್ತೇನೆಂದು ಬರುತ್ತಾನೆ, ಮೋಸ ಮಾಡಲು ಹೋಗಿ ಸಾಯುತ್ತಾನೆ. ನೋಡುಗ ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾನೆ. ಸಾಠ್ ಕಬರಿನ ಖಾನ್‌ಗೆ ತನ್ನ ಸಾವು ಗೊತ್ತು. ಗೊತ್ತಿದ್ದವನಿಗೆ ಹೋಗದೆ ಇರುವ ದಾರಿ ಇತ್ತು, ಆಸ್ಥಾನದಲ್ಲಿ ನೆಪ ಹೇಳುವ ದಾರಿ ಇತ್ತು, ಏನಿಲ್ಲವೆಂದರೂ ಹೆಂಡಂದಿರನ್ನು ತವರಿಗೆ ಕಳಿಸುವ ದಾರಿಯಾದರೂ ಇತ್ತು. ಬಾದಶಹನ ಎದುರು ಆಡಿದ ಮಾತಿಗೆ ತಪ್ಪಲಾರದೆ ಅವನು ಸಾವಿಗೆ ಹೊರಟ. ಹಾಗೆ ಹೊರಡುವುದರಲ್ಲಿ ಒಂದು ಧೈರ್ಯವಿದೆ, ಅದೇ ಕೈಯಿಂದ ಮಾಡಿದ್ದು ಹೇಸಿಗೆ ಹುಟ್ಟಿಸುವ ಕೆಲಸ. ನನ್ನದು ಎನ್ನುವುದು ನಾನು ಸತ್ತ ಮೇಲೂ ನನ್ನದೇ ಆಗಿರಬೇಕೆಂಬ ಆಸೆ, ಹೆಂಡತಿಯನ್ನು ಆಸ್ತಿಯ ಲೆಕ್ಕದಲ್ಲಿ ಇಡುವ ಬುದ್ಧಿ ಆದಿಲ್‌ಶಾಹಿಯೊಂದಿಗೆ ಮುಗಿದುಹೋಗಿಲ್ಲ. ಅದಕ್ಕೇ ಈ ಕಥೆ ಕೇಳುವಾಗ ಮೈ ಜುಮ್ಮೆನ್ನುತ್ತದೆ.

ಇದೇ ಖಾನ್‌ನ ನೆಪದಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ಅವನನ್ನು ಒಂದು ಧರ್ಮದ ಮುಖವಾಗಿ ಮಾತ್ರ ತೋರಿಸುವ ಕಥೆಗಳು ಹೆಚ್ಚುತ್ತಿವೆ. ಅದರಿಂದ ಸಮಾಜಕ್ಕೆ ಆಗುವ ಕೇಡು ಎಲ್ಲರಿಗೂ ಗೊತ್ತು. ಕಥೆಗೂ ಅಷ್ಟೇ ಕೇಡು. ಮನುಷ್ಯನೊಬ್ಬ ಇಡೀ ಸಮುದಾಯದ ಗುರುತಾಗಿ ನಿಂತರೆ ಅವನಿಗೆ ಆಯ್ಕೆಯೇ ಉಳಿಯುವುದಿಲ್ಲ. ಹುಟ್ಟಿದ್ದಕ್ಕೇ ಖಳನಾದವನು ವಿಷ್ಣುಮಾಯೆಯ ಮಂಥರೆಗಿಂತಲೂ ಬಡಪಾಯಿ. ಇತಿಹಾಸವಾದರೂ ಅಷ್ಟು ಸರಳವೇ? ಖಾನ್‌ನ ಪರವಾಗಿ ಮಾತುಕತೆಗೆ ಹೋದ ವಕೀಲ ಕೃಷ್ಣಾಜಿ ಭಾಸ್ಕರ. ಶಿವಾಜಿಯ ತಂದೆ ಶಹಾಜಿ ಅದೇ ವಿಜಯಪುರದ ಸರದಾರ, ಬೆಂಗಳೂರಿನ ಜಹಗೀರುದಾರ. ಗೆದ್ದವರ ಕೋಟೆಯ ಬುಡದಲ್ಲೇ ಖಾನ್‌ನ ಗೋರಿ ಇಂದಿಗೂ ಇದೆ. ಈ ಸಿಕ್ಕುಗಳನ್ನು ಬಿಡಿಸದೆ ಕತ್ತರಿಸಿ ಹಾಕುವ ಲೇಖಕ ಒಳ್ಳೆಯ ಖಳನನ್ನು ಕೈಯಾರೆ ಕಳೆದುಕೊಳ್ಳುತ್ತಾನೆ.

ನನ್ನ ವಾದಕ್ಕೆ ಎರಡು ಆಕ್ಷೇಪಗಳು ಬರಬಹುದು. ಕಂಪನಿ ನಾಟಕದ ಸಾವುಕಾರನಿಗೆ ಯಾವ ಪಶ್ಚಾತ್ತಾಪವೂ ಇಲ್ಲ, ಮರಳುವ ದಾರಿಯನ್ನು ಅವನು ನೋಡುವುದೂ ಇಲ್ಲ. ಆದರೂ ಜನ ಅವನನ್ನು ಮೆಚ್ಚುತ್ತಾರಲ್ಲ? ನಿಜ. ಹುನಗುಂದ ಸೀಮೆಯ ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ಹಳ್ಳಿಹಳ್ಳಿಗಳಲ್ಲಿ ಆಡಿಸಿಕೊಂಡು, 1974ರಲ್ಲಿ ರಾಜಕುಮಾರ್ ಅವರ ಸಿನಿಮಾ ಆಗಿ, ಅದರಲ್ಲಿ ವಜ್ರಮುನಿಯವರ ಖಳನಿಗೆ ಜನ ಹಲ್ಲು ಕಡಿದದ್ದನ್ನು ನಾವು ಮರೆತಿಲ್ಲ. ಅಂಥ ನಾಟಕಗಳ ಖಳನಿಗೆ ಬಲ ಬರುವುದು ಗುರುತಿನಿಂದ. ಅವನ ಕೈಯಲ್ಲಿ ಕತ್ತಿ ಇಲ್ಲ, ಸ್ಟಾಂಪ್ ಪೇಪರ್ ಇದೆ. ಹೆಬ್ಬೆಟ್ಟು ಒತ್ತಿಸಿಕೊಂಡದ್ದು, ಬಡ್ಡಿಗೆ ಬಡ್ಡಿ ಹಚ್ಚಿದ್ದು, ಹೊಲ ಬಿಡಿಸಿಕೊಂಡದ್ದು ಎಲ್ಲವೂ ಕಾಯದೆ ಪ್ರಕಾರವೇ ನಡೆಯುತ್ತದೆ. ಮುಂದೆ ಕೂತ ರೈತನಿಗೆ ಅಂಥವನೊಬ್ಬನ ಹೆಸರು, ಮನೆ ಎರಡೂ ಗೊತ್ತು. ಎದುರು ನಿಂತು ಆಡಲಾಗದ ಮಾತನ್ನು ರಂಗದ ಮೇಲೆ ನಾಯಕ ಆಡಿದಾಗ ಎದೆ ಹಗುರಾ ಆಗುತ್ತದೆ. ಇದು ದೊಡ್ಡ ಶಕ್ತಿಯೇ. ಆದರೆ ಅದು ಕಾಲಕ್ಕೆ ಕಟ್ಟುಬಿದ್ದ ಶಕ್ತಿ. ತಿಕೋಟಾದ ದ್ರಾಕ್ಷಿ ಬೆಳೆಗಾರನನ್ನು ಇಂದು ಕಾಡುವವನು ಧೋತರ ಉಟ್ಟು ಬಂಗಾರದ ಉಂಗುರ ತೊಟ್ಟ ಸಾವುಕಾರನೇ ಆಗಿರಬೇಕಿಲ್ಲ. ಅವನು ನಗುಮುಖದ ದಲಾಲಿಯಾಗಿರಬಹುದು, ಮಾಲು ಒಯ್ದು ಹಣಕ್ಕೆ ನಾಳೆ ಬಾ ಎನ್ನುವ ವ್ಯಾಪಾರಿಯಾಗಿರಬಹುದು, ಹೊಲವನ್ನು ಪ್ಲಾಟು ಮಾಡಿಸುವ ಹಿತೈಷಿಯಾಗಿರಬಹುದು. ಜಾತ್ರೆಯ ನಾಟಕಕ್ಕೆ ಮೈಕು, ಪೆಂಡಾಲಿನ ಖರ್ಚು ಕೊಟ್ಟು ಮುಂದಿನ ಖುರ್ಚಿಯಲ್ಲಿ ಕೂತವನೂ ಅವನೇ ಆಗಿರಬಹುದು. ಅವನನ್ನು ಬರೆಯುವ ಧೈರ್ಯ ನಮ್ಮ ನಾಟಕಗಳಿಗೆ ಇನ್ನೂ ಬರಬೇಕು. ಹಳೆಯ ಸಾವುಕಾರ ಈಗ ಯಾರ ಎದೆಗೂ ತಾಗುವುದಿಲ್ಲ, ಉಳಿದಿರುವುದು ನಟನ ದನಿಯ ಮೋಡಿ ಮಾತ್ರ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ. ಖಳನಿಗೆ ಇಷ್ಟು ಒಳದನಿ ಕೊಟ್ಟರೆ ಕೆಟ್ಟದ್ದನ್ನು ಒಪ್ಪಿಕೊಂಡಂತೆ ಆಗುವುದಿಲ್ಲವೇ? ಮಿಲ್ಟನ್ನನ ಸೈತಾನನ ಮೇಲೆ, ಮೈಕೇಲ್ ಮಧುಸೂದನ ದತ್ತರು 1861ರಲ್ಲಿ ಬರೆದ ಮೇಘನಾದವಧ ಕಾವ್ಯದ ಮೇಲೆ ಬಂದ ಆಪಾದನೆಯೂ ಇದೇ. ನಾಗಚಂದ್ರನನ್ನೇ ಸಾಕ್ಷಿಗೆ ಕರೆಯುತ್ತೇನೆ. ಅವನು ರಾವಣನಿಗೆ ಎಷ್ಟೇ ಮರುಗಿದರೂ ಯುದ್ಧಭೂಮಿಯಲ್ಲಿ ಅವನನ್ನು ಉಳಿಸುವುದಿಲ್ಲ. ಅರ್ಥ ಮಾಡಿಕೊಳ್ಳುವುದು ಬೇರೆ, ಮಾಫಿ ಮಾಡುವುದು ಬೇರೆ. ದಾರಿ ಇತ್ತು, ಅವನೇ ಬಿಟ್ಟ ಎಂದು ತೋರಿಸಿದಾಗ ಅವನ ಹೊಣೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಬೈಲಹೊಂಗಲ ಸೀಮೆಯ ನಿಜ ಕೊಲೆಯೊಂದರಿಂದ ಹುಟ್ಟಿದ ಸಂಗ್ಯಾಬಾಳ್ಯಾ ಸಣ್ಣಾಟದಲ್ಲಿ ಗೆಳೆಯನನ್ನು ನಂಬಿಸಿ ಕೊಲೆಗಾರರ ಕೈಗೆ ಒಪ್ಪಿಸುವ ಬಾಳ್ಯಾನನ್ನು ನೋಡಿ. ಅವನು ರಾಕ್ಷಸನಲ್ಲ, ಶ್ರೀಮಂತನಲ್ಲ, ಯಾರ ಮೇಲೂ ಕೈ ಎತ್ತಿದವನಲ್ಲ. ಸಂಗ್ಯಾನ ಹೆಗಲ ಮೇಲೆ ಕೈ ಹಾಕಿ ನಡೆಯುವ ಪ್ರತಿ ಹೆಜ್ಜೆಯಲ್ಲೂ ‘ಬ್ಯಾಡೋ, ತಿರುಗು’ ಎನ್ನಲು ಅವಕಾಶವಿತ್ತು. ಅನ್ನಲಿಲ್ಲ. ಅವನ ದುಡ್ಡಿನ ಆಸೆ ನಮಗೆ ಅರ್ಥವಾಗುತ್ತದೆ, ಅರ್ಥವಾದ್ದರಿಂದಲೇ ಅವನನ್ನು ಕ್ಷಮಿಸಲು ಕಷ್ಟವಾಗುತ್ತದೆ.

ಆದರೂ ಈ ಆಕ್ಷೇಪದಲ್ಲಿ ಒಂದು ಸತ್ಯಾಂಶ ಉಂಟು, ಅದನ್ನು ಒಪ್ಪಬೇಕು. ಖಳನ ಮೇಲಿನ ಮೋಹದಲ್ಲಿ ಅವನಿಂದ ನೊಂದವರು ಕಥೆಯಿಂದ ಕಾಣೆಯಾಗುತ್ತಾರೆ. ಸಾಠ್ ಕಬರಿನ ಕಥೆಯಲ್ಲಿ ಖಾನ್‌ನ ಹೆಸರಿದೆ, ಜ್ಯೋತಿಷಿಯ ಮಾತಿದೆ. ಸತ್ತ ಹೆಂಗಸರಲ್ಲಿ ಒಬ್ಬಳ ಹೆಸರನ್ನೂ ಕಥೆ ಉಳಿಸಿಕೊಂಡಿಲ್ಲ. ಒಬ್ಬಳು ತಪ್ಪಿಸಿಕೊಳ್ಳಲು ನೋಡಿದಳೆಂದು ಹೇಳುವವರಿದ್ದಾರೆ. ಅವಳು ಏನೆಂದಳೆಂದು ಹೇಳುವವರಿಲ್ಲ. ಅದಕ್ಕೇ ಅಷ್ಟೆಲ್ಲ ಸೆಳೆತವಿದ್ದೂ ಆ ಕಥೆ ಗೈಡುಗಳ ಬಾಯಲ್ಲಿ ಮೈನಡುಗಿಸುವ ಸಂಗತಿಯಾಗಿ ನಿಂತಿದೆ, ಮೇಲಕ್ಕೆ ಏರಿಲ್ಲ. ಪಂಪ ರಾಮಾಯಣ ಏರಿದ್ದು ಸೀತೆಯಿಂದ. ಅವಳ ದುಃಖ ರಾವಣನಿಗೆ ಕನ್ನಡಿ ಹಿಡಿಯದಿದ್ದರೆ ಅವನಿಗೆ ಮರಳುವ ದಾರಿ ಕಾಣಿಸುತ್ತಲೇ ಇರಲಿಲ್ಲ. ದಾರಿ ಕಾಣದಿದ್ದರೆ ಅವನು ಇನ್ನೊಬ್ಬ ಹೆಣ್ಣುಕಳ್ಳನಾಗಿ ಸಾಯುತ್ತಿದ್ದ. ಖಳನ ಎತ್ತರವನ್ನು ಅಳೆಯುವ ಕೋಲು ಅವನ ಎದುರಿಗೆ ನಿಂತವರ ಕೈಯಲ್ಲಿರುತ್ತದೆ.

ಹಾಗಾಗಿ ಕಥೆ, ನಾಟಕ, ಸಿನಿಮಾ ಬರೆಯುವವರಿಗೆ, ಜಾತ್ರೆಗೆ ನಾಟಕ ಆರಿಸುವ ಊರ ಹುಡುಗರಿಗೂ ಹೇಳಬಹುದಾದದ್ದು ಇಷ್ಟು. ಖಳನ ಮೀಸೆಯ ಉದ್ದ, ಕೊಲೆಗಳ ಲೆಕ್ಕ ಆಮೇಲೆ ನೋಡಿ. ಅವನು ನಿಲ್ಲಬಹುದಾಗಿದ್ದ ಒಂದು ಕ್ಷಣ ನಿಮ್ಮ ನಾಟಕದಲ್ಲಿ ಇದೆಯೇ ಎಂದು ಮೊದಲು ಹುಡುಕಿ. ಆ ಕ್ಷಣವನ್ನು ಅವನಿಗೆ ತಂದುಕೊಡುವವರು ಅವನಿಂದ ನೊಂದವರೇ ಆಗಿರಲಿ, ಅವರಿಗೂ ಬಾಯಿ ಇರಲಿ. ಅವನು ಬೇಡವೆನ್ನಲು ಕೊಡುವ ಕಾರಣ ಕೇಳಿದಾಗ ಮುಂದೆ ಕೂತವರಲ್ಲಿ ಕೆಲವರಾದರೂ ಒಳಗೇ ಹೌದೆಂದು ತಲೆ ಹಾಕಬೇಕು. ಆಮೇಲೆ ಅವನನ್ನು ಧಾರಾಳವಾಗಿ ಸೋಲಿಸಿ. ಹಾಗೆ ಸೋತವನ ಜೊತೆ ನಮ್ಮೊಳಗಿನ ಒಂದು ಹಟಕ್ಕೂ ಪೆಟ್ಟು ಬಿದ್ದಿರುತ್ತದೆ. ಖಳನನ್ನು ಕಟ್ಟಿಕೊಂಡು ಕಥೆ ಹೇಳುವುದರ ಪ್ರಯೋಜನವೂ ಅದೇ.